ಬಾಹ್ಯಾಕಾಶ ಎಲಿವೇಟರ್ ಕಟ್ಟಿದರೆ ಅಭಿವೃದ್ಧಿಶೀಲ ದೇಶಕ್ಕೆ ದಕ್ಕುವುದೆಷ್ಟು?

ಜಪಾನಿನ ಒಬಯಾಶಿ ನಿರ್ಮಾಣ ಸಂಸ್ಥೆ 2012ರಲ್ಲಿ ಒಂದು ಯೋಜನೆಯನ್ನು ಪ್ರಕಟಿಸಿತು. 96,000 ಕಿಲೋಮೀಟರ್ ಉದ್ದದ ಕೇಬಲ್ಲನ್ನು ಭೂಮಿಯಿಂದ ಅಂತರಿಕ್ಷಕ್ಕೆ ಎಳೆದು, 2050ರ ಹೊತ್ತಿಗೆ ಅದರ ಮೇಲೆ ಜನರನ್ನೂ ಸರಕನ್ನೂ ಏರಿಸಬೇಕೆಂಬುದು ಅದರ ಗುರಿ. 2025ರಲ್ಲಿ ಆರಂಭವಾಗಬೇಕಿದ್ದ ಕಾಮಗಾರಿ ಆರಂಭವಾಗಿಲ್ಲ. ಆದರೆ ಇಂಥ ಕೇಬಲ್ಲನ್ನು ನೆಲಕ್ಕೆ ಕಟ್ಟಲು ಅತ್ಯಂತ ಅನುಕೂಲವಾದ ಜಾಗ ಭೂಮಧ್ಯರೇಖೆ, ಮತ್ತು ಆ ರೇಖೆ ಹಾದುಹೋಗುವ ದೇಶಗಳಲ್ಲಿ ಬಹುಪಾಲು ಅಭಿವೃದ್ಧಿಶೀಲ ದೇಶಗಳು. ಹೀಗಾಗಿ ಎಂಜಿನಿಯರಿಂಗ್ ಪ್ರಶ್ನೆಯ ಬೆನ್ನಿಗೇ ಹಣಕಾಸಿನ ಪ್ರಶ್ನೆಯೂ ಏಳುತ್ತದೆ. ಜಾಗ ಕೊಟ್ಟ ದೇಶಕ್ಕೆ ಇದರಿಂದ ಸಿರಿ ಬರುತ್ತದೆಯೇ, ಅಥವಾ ಸಾಲ ಬರುತ್ತದೆಯೇ?

ಕೇಬಲ್ ಕುಸಿಯದೆ ನಿಲ್ಲುವುದು ಹೇಗೆ

ಭೂಮಧ್ಯರೇಖೆಯ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ತಿರುಗುವಿಕೆಗೆ ಸರಿಹೊಂದಿ ಸಾಗುವುದರಿಂದ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತದೆ. ಇದೇ ಭೂಸ್ಥಿರ ಕಕ್ಷೆ. ಆ ಎತ್ತರದಿಂದ ಒಂದು ಕೇಬಲ್ಲನ್ನು ಕೆಳಕ್ಕೆ ಇಳಿಬಿಟ್ಟು, ತೂಕ ಸರಿದೂಗಲು ಇನ್ನೊಂದು ತುದಿಯನ್ನು ಮೇಲಕ್ಕೆ ಚಾಚುತ್ತ ಹೋದರೆ, ಕೆಳಗಿನ ಭಾಗವನ್ನು ಗುರುತ್ವ ಎಳೆಯುತ್ತದೆ. ಮೇಲಿನ ಭಾಗ ಹೊರಕ್ಕೆ ಜಗ್ಗುತ್ತದೆ. ಹಗ್ಗದ ತುದಿಗೆ ಕಲ್ಲು ಕಟ್ಟಿ ಗಿರಗಿರನೆ ತಿರುಗಿಸುವಾಗ ಹಗ್ಗ ಬಿಗಿಯಾಗಿ ನಿಲ್ಲುವಂತೆಯೇ ಕೇಬಲ್ಲೂ ಬಿಗಿಯಾಗಿ ನಿಲ್ಲುತ್ತದೆ. ಅದನ್ನು ಹಿಡಿದು ವಿದ್ಯುತ್ ವಾಹನಗಳು ಹತ್ತಿ ಇಳಿಯುತ್ತವೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಟ ವಾಹನ ಭೂಸ್ಥಿರ ಎತ್ತರವನ್ನು ತಲುಪಲು ಏಳೂವರೆ ದಿನ ಬೇಕು.

ಕಲ್ಪನೆ ಹಳೆಯದು. 1895ರಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ ಐಫೆಲ್ ಗೋಪುರದಿಂದ ಪ್ರೇರಣೆ ಪಡೆದು ಅಂತರಿಕ್ಷ ಮುಟ್ಟುವ ಗೋಪುರವೊಂದನ್ನು ಊಹಿಸಿದರು. ಮೇಲಿನಿಂದ ಕೇಬಲ್ ಇಳಿಬಿಡುವ ವಿಧಾನವನ್ನು ಯೂರಿ ಅರ್ತ್ಸುತಾನೋವ್ 1960ರಲ್ಲಿ ಬರೆದರು. ಅಮೆರಿಕದ ಜೆರೋಮ್ ಪಿಯರ್ಸನ್ 1975ರಲ್ಲಿ ಅದರ ಲೆಕ್ಕಾಚಾರವನ್ನು ಸ್ವತಂತ್ರವಾಗಿ ಮಂಡಿಸಿದರು. ಈ ಶತಮಾನದ ಆರಂಭದಲ್ಲಿ ಬ್ರಾಡ್ಲಿ ಎಡ್ವರ್ಡ್ಸ್ ನಾಸಾದ ನೆರವಿನಿಂದ ವಿವರವಾದ ವಿನ್ಯಾಸವನ್ನೂ ವೆಚ್ಚದ ಅಂದಾಜನ್ನೂ ಸಿದ್ಧಪಡಿಸಿದರು.

ಆರ್ಥಿಕ ಆಕರ್ಷಣೆಯ ಮೂಲ ಇರುವುದು ಇಂಧನದ ಲೆಕ್ಕದಲ್ಲಿ. ಒಂದು ಕಿಲೋ ವಸ್ತುವನ್ನು ಕೇಬಲ್ ಮೂಲಕ ಭೂಸ್ಥಿರ ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರ ಬೇಕಾದ ಕನಿಷ್ಠ ಶಕ್ತಿ ಸುಮಾರು 13.5 ಯುನಿಟ್ ವಿದ್ಯುತ್. ವಾಹನದ ತೂಕ, ಶಕ್ತಿಯನ್ನು ರವಾನಿಸುವಾಗ ಆಗುವ ನಷ್ಟ ಎಲ್ಲ ಸೇರಿ ಇದು ಹಲವು ಪಟ್ಟು ಹೆಚ್ಚಾದರೂ ರಾಕೆಟ್ಟಿನ ಖರ್ಚಿನೆದುರು ಚಿಕ್ಕದೇ. ರಾಕೆಟ್ ತನ್ನ ಇಂಧನವನ್ನು ತಾನೇ ಹೊತ್ತು ಹಾರಬೇಕಾದ್ದರಿಂದ ಅದರ ತೂಕದ ಬಹುಪಾಲು ಇಂಧನವೇ ಆಗಿರುತ್ತದೆ.

ಅಡ್ಡಿ ಇರುವುದು ಕೇಬಲ್ಲಿನ ವಸ್ತುವಿನಲ್ಲಿ. ಉಕ್ಕಿನ ಕೇಬಲ್ ಇಷ್ಟು ಉದ್ದಕ್ಕೆ ತನ್ನ ತೂಕವನ್ನೇ ತಾಳಲಾರದು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ಸಂಶೋಧನೆಯಿಂದ ಜಗತ್ತಿನ ಗಮನ ಸೆಳೆದ ಕಾರ್ಬನ್ ನ್ಯಾನೊಟ್ಯೂಬ್‌ಗಳಿಗೆ, ಅಂದರೆ ಇಂಗಾಲದ ಅತಿಸೂಕ್ಷ್ಮ ಕೊಳವೆಗಳಿಗೆ, ಆ ಬಲವಿದೆ. ಆದರೆ ಚೀನಾದ ಸಿಂಗ್‌ಹುವಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಬೆಳೆಸಿದ, ದಾಖಲೆಯ ಉದ್ದದ ನ್ಯಾನೊಟ್ಯೂಬ್ ಸುಮಾರು ಅರ್ಧ ಮೀಟರ್ ಇತ್ತು. ಅರ್ಧ ಮೀಟರಿಗೂ 96,000 ಕಿಲೋಮೀಟರಿಗೂ ನಡುವಿನ ಅಂತರವೇ ಈ ಯೋಜನೆಯ ಇಂದಿನ ಸ್ಥಿತಿ. ಮುಂದಿನ ಲೆಕ್ಕಗಳೆಲ್ಲ, ವಸ್ತು ಒಂದು ದಿನ ಸಿದ್ಧವಾಗುತ್ತದೆ ಎಂಬ ಊಹೆಯ ಮೇಲೆ ನಿಂತಿವೆ.

ಭೂಮಧ್ಯರೇಖೆ ಎಂಬ ಆಸ್ತಿ

ಈಕ್ವೆಡಾರ್, ಕೊಲಂಬಿಯಾ, ಬ್ರೆಜಿಲ್, ಗ್ಯಾಬೊನ್, ಎರಡು ಕಾಂಗೊಗಳು, ಉಗಾಂಡಾ, ಕೆನ್ಯಾ, ಸೊಮಾಲಿಯಾ, ಇಂಡೊನೇಷ್ಯಾ: ಈ ಪಟ್ಟಿಯನ್ನು ನೋಡಿದರೆ ಸ್ಥಳವೇ ಇವುಗಳ ಬಂಡವಾಳ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಅನಿಸಿದ್ದು ಇದೇ ಮೊದಲಲ್ಲ. 1976ರ ಡಿಸೆಂಬರಿನಲ್ಲಿ ಭೂಮಧ್ಯರೇಖೆಯ ಎಂಟು ದೇಶಗಳು ಕೊಲಂಬಿಯಾದ ಬೊಗೊಟಾದಲ್ಲಿ ಸೇರಿ, ತಮ್ಮ ನೆಲದ ಮೇಲಿರುವ ಭೂಸ್ಥಿರ ಕಕ್ಷೆಯ ಭಾಗ ತಮ್ಮದೇ ನೈಸರ್ಗಿಕ ಸಂಪತ್ತು ಎಂದು ಘೋಷಿಸಿದವು. ಬಾಹ್ಯಾಕಾಶವನ್ನು ಯಾವ ದೇಶವೂ ಸ್ವಂತ ಮಾಡಿಕೊಳ್ಳುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುವುದರಿಂದ ಉಳಿದ ಜಗತ್ತು ಆ ಹಕ್ಕನ್ನು ಮಾನ್ಯ ಮಾಡಲಿಲ್ಲ. ಮೇಲಿನ ಆಕಾಶಕ್ಕೆ ಬಾಡಿಗೆ ಕೇಳುವ ದಾರಿ ಹೀಗೆ ಮುಚ್ಚಿತು. ಕೆಳಗಿನ ನೆಲಕ್ಕೆ ಕೇಳುವ ದಾರಿ ಮಾತ್ರ ಉಳಿದಿದೆ.

ಆ ನೆಲವೂ ಅನಿವಾರ್ಯವಲ್ಲ. ಎಡ್ವರ್ಡ್ಸ್ ಅವರ ವಿನ್ಯಾಸ ಕೇಬಲ್ಲಿನ ತಳವನ್ನು ಕಟ್ಟುವುದು ನೆಲಕ್ಕಲ್ಲ, ಪೂರ್ವ ಪೆಸಿಫಿಕ್ ಸಾಗರದಲ್ಲಿ ತೇಲುವ ವೇದಿಕೆಗೆ. ಭೂಮಿಯನ್ನು ಸುತ್ತುವ ಪ್ರತಿಯೊಂದು ಉಪಗ್ರಹವೂ ಭೂಮಧ್ಯರೇಖೆಯ ಸಮತಲವನ್ನು ದಾಟಲೇಬೇಕು; ಕೇಬಲ್ ಅವುಗಳಿಂದ ತಪ್ಪಿಸಿಕೊಳ್ಳಬೇಕಾದರೆ ಅದರ ಬುಡ ಅತ್ತಿತ್ತ ಸರಿಯುವಂತಿರಬೇಕು. ಕರಾವಳಿಯಿಂದ 200 ನಾಟಿಕಲ್ ಮೈಲಿಗಳವರೆಗಿನ ವಿಶೇಷ ಆರ್ಥಿಕ ವಲಯದೊಳಗೆ ವೇದಿಕೆ ಇದ್ದರೆ ಕರಾವಳಿಯ ದೇಶಕ್ಕೆ ಅದರ ಮೇಲೆ ಕಾನೂನಿನ ಅಧಿಕಾರವಿರುತ್ತದೆ. ಅದರಾಚೆಗೆ ಹೋದರೆ ಹತ್ತಿರದ ದೇಶಕ್ಕೆ ಉಳಿಯುವುದು ಬಂದರಿನ ಶುಲ್ಕ ಮಾತ್ರ, ಅದೂ ಹಡಗುಗಳು ಅದೇ ಬಂದರಿಗೆ ಬಂದರೆ. ಸೀ ಲಾಂಚ್ ಎಂಬ ಕಂಪನಿ 1999ರಿಂದ 2014ರವರೆಗೆ ಪೆಸಿಫಿಕ್‌ನ ಭೂಮಧ್ಯರೇಖೆಯಿಂದ, ಕಿರಿಬಾಟಿ ದ್ವೀಪರಾಷ್ಟ್ರಕ್ಕೆ ಹತ್ತಿರದ ಸಮುದ್ರದಿಂದ, ರಾಕೆಟ್ ಹಾರಿಸಿತು. ಅದರ ತವರು ಬಂದರು ಇದ್ದದ್ದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ.

ಬಡ್ಡಿಯ ಲೆಕ್ಕ

ಈ ವಿಷಯದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಬಡ್ಡಿ. ಅತಿ ಕಡಿಮೆ ಚರ್ಚೆಯಾಗುವುದೂ ಅದೇ. ಎಡ್ವರ್ಡ್ಸ್ ಕೊಟ್ಟ ವೆಚ್ಚದ ಅಂದಾಜು ಸುಮಾರು 1,000 ಕೋಟಿ ಡಾಲರ್. ಒಬಯಾಶಿ ಯೋಜನೆಯ ವಿಷಯದಲ್ಲಿ ಕೇಳಿಬರುವ ಮೊತ್ತ ಅದರ ಹತ್ತು ಪಟ್ಟು, ಅಂದರೆ ಸುಮಾರು 10,000 ಕೋಟಿ ಡಾಲರ್. ಕೆನ್ಯಾ ಅಥವಾ ಈಕ್ವೆಡಾರ್ ದೇಶದಲ್ಲಿ ಒಂದಿಡೀ ವರ್ಷ ಉತ್ಪಾದನೆಯಾಗುವ ಎಲ್ಲ ಸರಕು, ಸೇವೆಗಳ ಒಟ್ಟು ಮೌಲ್ಯವೂ ಇದರ ಆಸುಪಾಸಿನಲ್ಲೇ ಇದೆ.

ಒಂದು ಸರಳ ಲೆಕ್ಕ ಮಾಡೋಣ. ಎಡ್ವರ್ಡ್ಸ್ ವಿನ್ಯಾಸದಲ್ಲಿ ಒಂದು ವಾಹನ ಸುಮಾರು 13 ಟನ್ ಸರಕು ಹೊರುತ್ತದೆ. ವರ್ಷಕ್ಕೆ ಇಂಥ 100 ಸಾಗಣೆಗಳು ನಡೆದವು ಎಂದುಕೊಂಡರೆ ಒಟ್ಟು ಸರಕು 1,300 ಟನ್, ಅಂದರೆ 13 ಲಕ್ಷ ಕಿಲೋ. ಕಿಲೋಗೆ 500 ಡಾಲರ್ ದರ ಇಟ್ಟರೆ ವರ್ಷದ ಆದಾಯ 65 ಕೋಟಿ ಡಾಲರ್. ಇನ್ನು 1,000 ಕೋಟಿ ಡಾಲರ್ ಸಾಲಕ್ಕೆ ಶೇ 6ರ ದರದಲ್ಲಿ ವಾರ್ಷಿಕ ಬಡ್ಡಿ 60 ಕೋಟಿ. ಸಿಬ್ಬಂದಿಯ ಸಂಬಳ, ದುರಸ್ತಿ, ವಿಮೆ ಯಾವುದನ್ನೂ ಕಳೆಯುವ ಮೊದಲೇ ಆದಾಯ ಹೆಚ್ಚೂಕಡಿಮೆ ಎಲ್ಲವೂ ಬಡ್ಡಿಗೆ ಸರಿಹೋಯಿತು. ಅಸಲು ಹಾಗೆಯೇ ಉಳಿಯಿತು. ವೆಚ್ಚ 10,000 ಕೋಟಿಯಾದರೆ ಬಡ್ಡಿಯೇ ವರ್ಷಕ್ಕೆ 600 ಕೋಟಿ ಡಾಲರ್. ಅಷ್ಟೇ ಸರಕಿನಿಂದ ಆ ಬಡ್ಡಿಯನ್ನು ಮಾತ್ರ ಕಟ್ಟಬೇಕೆಂದರೂ ಕಿಲೋಗೆ 4,600 ಡಾಲರ್‌ಗಿಂತ ಹೆಚ್ಚು ದರ ವಿಧಿಸಬೇಕು. ಅಲ್ಲಿಗೆ, ಅಗ್ಗದ ವಿದ್ಯುತ್ತಿನಿಂದ ಹುಟ್ಟಿದ ಅಗ್ಗದ ಸಾಗಣೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಕಾಮಗಾರಿ ಮುಗಿಯುವವರೆಗೆ ಇಂಥ ಯೋಜನೆಯಿಂದ ಒಂದು ಡಾಲರೂ ಹುಟ್ಟುವುದಿಲ್ಲ. ಅರ್ಧ ಮುಗಿದ ಹೆದ್ದಾರಿಯಲ್ಲಿ ಅರ್ಧ ದೂರವಾದರೂ ವಾಹನ ಓಡಿಸಬಹುದು. ಅರ್ಧ ಎಳೆದ ಕೇಬಲ್ ಮೇಲೆ ಯಾವ ಸರಕೂ ಏರುವುದಿಲ್ಲ. ಶೇ 7ರ ಬಡ್ಡಿಯಲ್ಲಿ ತಂದ ಸಾಲ, ಏನೂ ತೀರಿಸದೆ ಬಿಟ್ಟರೆ, ಹತ್ತು ವರ್ಷಗಳಲ್ಲಿ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ. ಶ್ರೀಮಂತ ದೇಶಗಳಿಗೆ ಸಿಗುವ ಕಡಿಮೆ ದರದ ಸಾಲ ಬಡ ದೇಶಗಳಿಗೆ ಸಿಗದು, ಮೇಲಾಗಿ ಅವು ಡಾಲರಿನಲ್ಲಿ ಪಡೆದ ಸಾಲವನ್ನು ಡಾಲರಿನಲ್ಲೇ ತೀರಿಸಬೇಕು. ಸ್ವಂತ ನಾಣ್ಯದ ಮೌಲ್ಯ ಕುಸಿದಷ್ಟೂ ಹಳೆಯ ಸಾಲ ತಾನಾಗಿ ಹಿಗ್ಗುತ್ತದೆ. ಹೀಗಾಗಿ ಇಂಥ ಯೋಜನೆಯನ್ನು ಬಡ ದೇಶವೊಂದು ಸಾರ್ವಜನಿಕ ಸಾಲದಿಂದ ಒಂಟಿಯಾಗಿ ಕಟ್ಟುವುದು ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಗಿರಾಕಿಗಳು ಯಾರು

ಸಾಗಣೆ ಅಗ್ಗವಾದರೆ ಗಿರಾಕಿಗಳು ತಾವಾಗಿ ಬರುತ್ತಾರೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಇಂದಿನ ಉಪಗ್ರಹ ಮಾರುಕಟ್ಟೆಯ ದೊಡ್ಡ ಪಾಲು ಇರುವುದು ಕೆಲವು ನೂರು ಕಿಲೋಮೀಟರ್ ಎತ್ತರದ ಕೆಳಕಕ್ಷೆಯಲ್ಲಿ. ಅಂತರ್ಜಾಲ ಸೇವೆಯ ಸಾವಿರಾರು ಉಪಗ್ರಹಗಳು ಅಲ್ಲೇ ಇವೆ. ಆ ಕಕ್ಷೆಯಲ್ಲಿ ಉಳಿಯಲು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗ ಬೇಕು. ಕೇಬಲ್ಲಿನ ಮೇಲೆ 500 ಕಿಲೋಮೀಟರ್ ಎತ್ತರಕ್ಕೆ ಏರಿದ ವಾಹನಕ್ಕೆ ಎತ್ತರವಿದೆ, ಆ ವೇಗವಿಲ್ಲ. ಅಲ್ಲಿ ಕೈಬಿಟ್ಟ ಉಪಗ್ರಹ ನೇರ ಕೆಳಗೆ ಬೀಳುತ್ತದೆ. ಸುಮಾರು 23,400 ಕಿಲೋಮೀಟರಿಗಿಂತ ಕೆಳಗೆ ಎಲ್ಲಿ ಬಿಟ್ಟರೂ ವಸ್ತು ವಾತಾವರಣಕ್ಕೆ ಮರಳುತ್ತದೆ. ಅಂದರೆ ಎಲಿವೇಟರ್ ನೇರವಾಗಿ ಒದಗುವುದು ಭೂಸ್ಥಿರ ಕಕ್ಷೆಗೆ ಮತ್ತು ಅದರಾಚೆ ಚಂದ್ರ, ಮಂಗಳಗಳತ್ತ ಹೋಗುವವರಿಗೆ.

ಭೂಸ್ಥಿರ ಕಕ್ಷೆಯ ಮಟ್ಟಿಗೆ ಬೆಲೆಯ ಅನುಕೂಲ ನಿಜ. ಸುಮಾರು 7 ಕೋಟಿ ಡಾಲರ್ ಬೆಲೆಯ ಫಾಲ್ಕನ್ 9 ರಾಕೆಟ್, ಮೊದಲ ಹಂತವನ್ನು ಮರುಬಳಕೆಗೆ ಉಳಿಸಿಕೊಂಡು, ಆ ಕಕ್ಷೆಯತ್ತ ಸಾಗುವ ದಾರಿಗೆ ಐದೂವರೆ ಟನ್ ಒಯ್ಯುತ್ತದೆ. ಕಿಲೋಗೆ 12,000 ಡಾಲರ್ ದಾಟಿತು. ಆದರೆ ಅಲ್ಲಿಗೆ ಹೋಗುವ ಸರಕೇ ಕಡಿಮೆ. ತಲಾ ಐದು ಟನ್ನಿನ ಇಪ್ಪತ್ತು ಸಂವಹನ ಉಪಗ್ರಹಗಳು ವರ್ಷದಲ್ಲಿ ಹೊರಟರೂ ಒಟ್ಟು 100 ಟನ್. ಮೇಲಿನ ಲೆಕ್ಕಕ್ಕೆ ಬೇಕಾದದ್ದು 1,300 ಟನ್. ಉಳಿದ 1,200 ಟನ್ ಬರಬೇಕಾದರೆ ಬಾಹ್ಯಾಕಾಶದಲ್ಲಿ ಸೌರವಿದ್ಯುತ್ ಉತ್ಪಾದಿಸಿ ಭೂಮಿಗೆ ಕಳಿಸುವಂಥ ಹೊಸ ಉದ್ಯಮಗಳು ಹುಟ್ಟಬೇಕು. ಅವು ಹುಟ್ಟುವ ಮೊದಲೇ ಸಾಲದ ಕಂತು ಆರಂಭವಾಗಿರುತ್ತದೆ.

ಬೇಲಿಯೊಳಗಿನ ಆರ್ಥಿಕತೆ

ದೊಡ್ಡ ಯೋಜನೆ ಬಂದರೆ ಉದ್ಯೋಗ ಬರುತ್ತದೆ ಎಂಬುದು ಸಾಮಾನ್ಯ ನಿರೀಕ್ಷೆ. ಇಲ್ಲಿ ಕೇಳಬೇಕಾದ್ದು, ಖರ್ಚಾಗುವ ಪ್ರತಿ ನೂರು ಡಾಲರಿನಲ್ಲಿ ದೇಶದೊಳಗೆ ಉಳಿಯುವುದು ಎಷ್ಟು ಎಂದು. ಕೇಬಲ್, ವಾಹನಗಳು, ಶಕ್ತಿ ರವಾನಿಸುವ ಲೇಸರ್ ಉಪಕರಣ, ಕೇಬಲ್ಲಿನ ಮೊದಲ ಎಳೆಯನ್ನು ಮೇಲೊಯ್ಯುವ ರಾಕೆಟ್‌ಗಳು ಎಲ್ಲವೂ ಆಮದು. ಸ್ಥಳೀಯರಿಗೆ ಸಿಗುವುದು ಬಂದರು, ರಸ್ತೆ, ವಸತಿ ಕಟ್ಟುವ ಕೆಲಸ, ಆಮೇಲೆ ಕಾವಲು, ಅಡುಗೆ, ಸ್ವಚ್ಛತೆ. ನಿರ್ಮಾಣ ಮುಗಿದ ಮೇಲೆ ಮೊದಲ ಬಗೆಯ ಕೆಲಸಗಳೂ ಮುಗಿಯುತ್ತವೆ.

ಇದು ಬರಿಯ ಊಹೆಯಲ್ಲ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರು ಪಟ್ಟಣದಿಂದ 1968ರಿಂದ ರಾಕೆಟ್‌ಗಳು ಹಾರುತ್ತಿವೆ. ಅದು ಫ್ರಾನ್ಸಿನದೇ ಭಾಗ, ಆಡಳಿತವೂ ಫ್ರಾನ್ಸಿನದೇ. ಆದರೂ 2017ರ ಮಾರ್ಚಿನಲ್ಲಿ ಅಲ್ಲಿನ ಜನ ಆಸ್ಪತ್ರೆ, ಶಾಲೆ, ಭದ್ರತೆಗಾಗಿ ಬೀದಿಗಿಳಿದರು. ರಸ್ತೆಗಳಲ್ಲಿ ತಡೆಗಳೆದ್ದವು, ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾದ ಉಪಗ್ರಹಗಳನ್ನು ಹೊತ್ತ ಏರಿಯಾನ್ 5 ರಾಕೆಟ್ ಉಡಾವಣಾ ಕಟ್ಟೆಗೆ ಹೋಗಲಾಗದೆ ನಿಂತಿತು, ಪ್ರತಿಭಟನಕಾರರ ನಿಯೋಗವೊಂದು ಬಾಹ್ಯಾಕಾಶ ಕೇಂದ್ರದೊಳಗೇ ರಾತ್ರಿ ಕಳೆಯಿತು. ಸರ್ಕಾರ ನೂರು ಕೋಟಿ ಯೂರೊಗೂ ಹೆಚ್ಚಿನ ತುರ್ತು ಯೋಜನೆಗೆ ಒಪ್ಪಿದ ಬಳಿಕ, ಮೇ ತಿಂಗಳಲ್ಲಿ ಆ ರಾಕೆಟ್ ಹಾರಿತು. ಅರ್ಧ ಶತಮಾನ ಕಾಲ ಬೇಲಿಯಾಚೆ ನಡೆದ ಉನ್ನತ ತಂತ್ರಜ್ಞಾನ, ಬೇಲಿಯೀಚೆಯ ಆಸ್ಪತ್ರೆಯನ್ನು ಸುಧಾರಿಸಿರಲಿಲ್ಲ.

ಕೆನ್ಯಾದ ಕಥೆ ಇನ್ನೂ ನೇರವಾಗಿದೆ. ಮಾಲಿಂದಿ ಬಳಿಯ ಕಡಲಿನಲ್ಲಿ ಇಟಲಿ ನಿಲ್ಲಿಸಿದ ಸ್ಯಾನ್ ಮಾರ್ಕೊ ವೇದಿಕೆಯಿಂದ 1967ರಿಂದ 1988ರವರೆಗೆ ಉಪಗ್ರಹಗಳು ಹಾರಿದವು. 1970ರ ಡಿಸೆಂಬರ್ 12ರಂದು, ಕೆನ್ಯಾದ ಸ್ವಾತಂತ್ರ್ಯ ದಿನದಂದೇ, ಅಲ್ಲಿಂದ ಹೊರಟ ಎಕ್ಸ್-ಕಿರಣ ವೀಕ್ಷಣಾ ಉಪಗ್ರಹಕ್ಕೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಎಂಬರ್ಥದ ‘ಉಹುರು’ ಎಂಬ ಹೆಸರಿಟ್ಟರು. ಕೆನ್ಯಾ ಬಾಹ್ಯಾಕಾಶ ಸಂಸ್ಥೆ ರೂಪುಗೊಂಡದ್ದು 2017ರಲ್ಲಿ. ದೇಶದ ‘ತೈಫಾ-1’ ಭೂವೀಕ್ಷಣಾ ಉಪಗ್ರಹ 2023ರ ಏಪ್ರಿಲಿನಲ್ಲಿ ಕಕ್ಷೆ ಸೇರಿತು. ಅದು ಹಾರಿದ್ದು ಕ್ಯಾಲಿಫೋರ್ನಿಯಾದಿಂದ.

ಕಾಲುವೆಗಳು ಕಂಡ ಹಾದಿ

ಜಗತ್ತಿನ ವ್ಯಾಪಾರವನ್ನು ಒಂದು ಇಕ್ಕಟ್ಟಾದ ದಾರಿಗೆ ತಿರುಗಿಸಿ ಸುಂಕ ವಸೂಲಿ ಮಾಡುವ ಯೋಜನೆಗಳಿಗೆ ಎರಡು ಹಳೆಯ ನಿದರ್ಶನಗಳಿವೆ. ಸೂಯೆಜ್ ಕಾಲುವೆ 1869ರಲ್ಲಿ ತೆರೆಯಿತು. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ಆಡಳಿತಗಾರ ಇಸ್ಮಾಯಿಲ್ 1875ರಲ್ಲಿ ಕಾಲುವೆ ಕಂಪನಿಯ ತನ್ನ ಷೇರುಗಳನ್ನು ಸುಮಾರು 40 ಲಕ್ಷ ಪೌಂಡ್‌ಗಳಿಗೆ ಬ್ರಿಟನ್ನಿಗೆ ಮಾರಿದ. ಮರುವರ್ಷ ಸಾಲದ ಕಂತು ನಿಂತುಹೋಯಿತು. 1882ರಲ್ಲಿ ಬ್ರಿಟಿಷ್ ಸೇನೆ ಬಂದಿಳಿಯಿತು. ಕಾಲುವೆ ಈಜಿಪ್ಟಿನ ಕೈಗೆ ಬಂದದ್ದು 1956ರಲ್ಲಿ. ಪನಾಮಾ ಕಾಲುವೆಗೆ ಜಾಗ ಕೊಟ್ಟದ್ದಕ್ಕೆ ಪನಾಮಾಗೆ ಆರಂಭದಲ್ಲಿ ಒಂದು ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 2.5 ಲಕ್ಷ ಡಾಲರ್ ನಿಗದಿಯಾಗಿತ್ತು. 1999ರ ಕೊನೆಯಲ್ಲಿ ಒಡೆತನ ಕೈಸೇರಿದ ಮೇಲೆ ಆದಾಯ ಬೆಳೆದು, ಈಚಿನ ವರ್ಷಗಳಲ್ಲಿ ಕಾಲುವೆ ಸರ್ಕಾರದ ಖಜಾನೆಗೆ ವರ್ಷಕ್ಕೆ 200 ಕೋಟಿ ಡಾಲರಿಗೂ ಹೆಚ್ಚು ಕೊಡುತ್ತಿದೆ. ಕಾಲುವೆ ಅದೇ, ಜಾಗ ಅದೇ, ಬದಲಾದದ್ದು ಒಡೆತನ.

ಒಡೆತನ ಸಿಕ್ಕ ಮೇಲೂ ಒಂದೇ ಆದಾಯವನ್ನು ನೆಚ್ಚುವುದರಲ್ಲಿ ಅಪಾಯವಿದೆ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಸೂಯೆಜ್ ಆದಾಯ 2023ರ ಸುಮಾರು 1,000 ಕೋಟಿ ಡಾಲರಿನಿಂದ 2024ರಲ್ಲಿ ಸುಮಾರು 400 ಕೋಟಿಗೆ ಇಳಿಯಿತು. ಹಡಗುಗಳಿಗಾದರೂ ಆಫ್ರಿಕಾ ಸುತ್ತುವ ದಾರಿಯಿತ್ತು, ಕಾಲುವೆಗೂ ಏನೂ ಆಗಿರಲಿಲ್ಲ. ಕೇಬಲ್ ಕಡಿದರೆ ಆದಾಯ ಸೊನ್ನೆಗೇ ಇಳಿಯುತ್ತದೆ.

ನಾಣ್ಯ ಬಲವಾದರೆ ಆಗುವ ತೊಂದರೆ

ಎಲ್ಲ ಚೆನ್ನಾಗಿ ನಡೆದು ಡಾಲರ್ ಹರಿದುಬಂದರೂ ಒಂದು ತೊಡಕಿದೆ. ವಿದೇಶಿ ಹಣ ಹೆಚ್ಚು ಬಂದಂತೆ ದೇಶದ ನಾಣ್ಯ ಬಲಗೊಳ್ಳುತ್ತದೆ. ಆಗ ಆ ದೇಶ ರಫ್ತು ಮಾಡುವ ಕಾಫಿ, ಹೂವು, ಬಟ್ಟೆ ಹೊರಗಿನವರಿಗೆ ದುಬಾರಿಯಾಗಿ ಬೇಡಿಕೆ ಕುಗ್ಗುತ್ತದೆ. 1959ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕ ನಂತರ ಅಲ್ಲಿನ ಕೈಗಾರಿಕೆಗಳು ಇದನ್ನು ಅನುಭವಿಸಿದ್ದರಿಂದ ಅರ್ಥಶಾಸ್ತ್ರಜ್ಞರು ಇದನ್ನು ಡಚ್ ಕಾಯಿಲೆ ಎನ್ನುತ್ತಾರೆ. ಎಲಿವೇಟರ್ ಕೆಲವೇ ಸಾವಿರ ಮಂದಿಗೆ ಕೆಲಸ ಕೊಡುತ್ತ, ಲಕ್ಷಾಂತರ ಮಂದಿಗೆ ಕೆಲಸ ಕೊಟ್ಟ ಕೃಷಿ ರಫ್ತನ್ನು ಹಿಂಡಿಬಿಡಬಹುದು. ಬಂದ ಹಣದ ಒಂದು ಭಾಗವನ್ನು ವಿದೇಶಿ ಹೂಡಿಕೆಯ ನಿಧಿಯಲ್ಲಿ ಇಡುವುದು ಇದಕ್ಕೆ ತಿಳಿದಿರುವ ಮದ್ದು. ನಾರ್ವೆ ತೈಲದ ಹಣವನ್ನು, ಬೋಟ್ಸ್‌ವಾನಾ 1994ರಿಂದ ಪುಲಾ ನಿಧಿಯ ಮೂಲಕ ವಜ್ರದ ಹಣವನ್ನು ಹಾಗೆ ಇಟ್ಟಿವೆ.

ಅವಘಡದ ಹೊಣೆ

1972ರ ಹೊಣೆಗಾರಿಕೆ ಒಪ್ಪಂದದಂತೆ ಬಾಹ್ಯಾಕಾಶ ವಸ್ತುವೊಂದು ನೆಲದ ಮೇಲೆ ಅಥವಾ ಹಾರುವ ವಿಮಾನಕ್ಕೆ ಹಾನಿ ಮಾಡಿದರೆ, ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಉಡಾವಣಾ ದೇಶ ಪರಿಹಾರ ಕೊಡಬೇಕು. ಉಡಾವಣೆ ಮಾಡಿದ ದೇಶದ ಜೊತೆಗೆ, ಉಡಾವಣೆಗೆ ತನ್ನ ನೆಲವನ್ನು ಕೊಟ್ಟ ದೇಶವೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ನೆಲಕ್ಕೆ ಅಂಟಿಕೊಂಡೇ ಇರುವ ಕೇಬಲ್ಲಿಗೆ ಈ ಒಪ್ಪಂದ ಎಷ್ಟು ಅನ್ವಯಿಸುತ್ತದೆ ಎಂಬುದು ಇತ್ಯರ್ಥವಾಗಿಲ್ಲ, ಏಕೆಂದರೆ ಅದನ್ನು ಬರೆದವರ ಮುಂದೆ ಇದ್ದದ್ದು ರಾಕೆಟ್ಟು. ಇತ್ಯರ್ಥವಾಗುವವರೆಗೆ ವಿಮೆಯ ದರ ಹೆಚ್ಚೇ ಇರುತ್ತದೆ, ಮತ್ತು ಆತಿಥೇಯ ದೇಶ ತನಗೆ ಬಾರದ ಲಾಭದ ಅಪಾಯವನ್ನು ಹೊತ್ತಿರುತ್ತದೆ.

ಕರಾರಿನಲ್ಲಿ ಏನಿರಬೇಕು

ಬೋಟ್ಸ್‌ವಾನಾದ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ವಜ್ರದ ಗಣಿ ಕಂಪನಿಯಲ್ಲಿ ಡಿ ಬಿಯರ್ಸ್ ಸಂಸ್ಥೆಯೊಂದಿಗೆ ಸಮಪಾಲು ಪಡೆದ ಆ ದೇಶ ಅಷ್ಟಕ್ಕೇ ನಿಲ್ಲದೆ, ಕಚ್ಚಾ ವಜ್ರದ ಮಾರಾಟ ಕೇಂದ್ರವನ್ನೇ ಲಂಡನ್ನಿನಿಂದ ರಾಜಧಾನಿ ಗ್ಯಾಬರೋನ್‌ಗೆ ತರಿಸಿಕೊಂಡಿತು; 2013ರಲ್ಲಿ ಅದು ನಡೆಯಿತು. ಎಲಿವೇಟರಿನ ವಿಷಯದಲ್ಲೂ ಬಾಡಿಗೆಗಿಂತ ಹೆಚ್ಚಿನ ಮೌಲ್ಯ ಇರುವುದು ಉಪಗ್ರಹಗಳ ಜೋಡಣೆ, ಪರೀಕ್ಷೆ, ದುರಸ್ತಿ, ದತ್ತಾಂಶ ಸಂಸ್ಕರಣೆಗಳಲ್ಲಿ. ಅವು ಕೇಬಲ್ಲಿನ ಬುಡದಲ್ಲೇ ನಡೆಯಬೇಕೆಂದು ಷರತ್ತು ಹಾಕಲು ಆ ಕೆಲಸ ಬಲ್ಲ ಎಂಜಿನಿಯರುಗಳು ದೇಶದಲ್ಲಿ ಇರಬೇಕು, ಅವರನ್ನು ತಯಾರು ಮಾಡಲು ಒಂದು ತಲೆಮಾರೇ ಹಿಡಿಯುತ್ತದೆ. ಬಂದರು, ವಿದ್ಯುತ್ ಜಾಲ, ಎಂಜಿನಿಯರಿಂಗ್ ಕಾಲೇಜು ಇವು ಕೇಬಲ್ ಎಂದೂ ಬರದಿದ್ದರೂ ದೇಶಕ್ಕೆ ಬೇಕಾದವೇ, ಹಾಗಾಗಿ ಇಂದೇ ಹಣ ಹಾಕಬಹುದಾದ ಭಾಗ ಇವಿಷ್ಟು. ಕೇಬಲ್ಲಿನ ವೆಚ್ಚ ಮತ್ತು ವಿಳಂಬದ ನಷ್ಟವನ್ನು ಹೂಡಿಕೆದಾರರು ಹೊರಬೇಕು, ದೇಶ ಜಾಗಕ್ಕೆ ಬದಲಾಗಿ ಷೇರು ಪಡೆಯಬೇಕು, ಸರ್ಕಾರಿ ಖಾತರಿ ಕೊಡಬಾರದು ಎಂಬ ಕ್ರಮ ಮೇಲಿನ ಬಡ್ಡಿಯ ಲೆಕ್ಕದಿಂದಲೇ ಹೊರಡುತ್ತದೆ.

ಇನ್ನೊಂದು ಷರತ್ತು ಸುಲಭವಾಗಿ ಕಣ್ಣುತಪ್ಪುವಂಥದು. ಮೊದಲ ಕೇಬಲ್ ಸಿದ್ಧವಾದ ಮೇಲೆ ಎರಡನೆಯದರ ಸಾಮಗ್ರಿಯನ್ನು ರಾಕೆಟ್ ಇಲ್ಲದೆ ಅದರ ಮೂಲಕವೇ ಮೇಲಕ್ಕೆ ಒಯ್ಯಬಹುದಾದ್ದರಿಂದ ಎರಡನೆಯದರ ವೆಚ್ಚ ಬಹಳ ಕಡಿಮೆಯಾಗುತ್ತದೆ ಎಂದು ಎಡ್ವರ್ಡ್ಸ್ ಲೆಕ್ಕ ಹಾಕಿದ್ದರು. ಅಂದರೆ ಮೊದಲ ಕೇಬಲ್ಲಿನ ಭಾರಿ ಸಾಲವನ್ನು ಹೊತ್ತ ದೇಶದ ಪಕ್ಕದಲ್ಲೇ, ಅಗ್ಗವಾಗಿ ಕಟ್ಟಿದ ಎರಡನೆಯ ಕೇಬಲ್ ಬೇರೊಂದು ದೇಶದ ಕಡಲಿನಲ್ಲಿ ಇಳಿದು ಅರ್ಧ ದರಕ್ಕೆ ಸರಕು ಏರಿಸಬಲ್ಲದು. ಮೊದಲನೆಯದಕ್ಕೆ ಜಾಗ ಕೊಡುವ ದೇಶ ಅದರ ಮೂಲಕ ಹುಟ್ಟುವ ಪ್ರತಿ ಕೇಬಲ್ಲಿನಲ್ಲೂ ಪಾಲನ್ನು ಆರಂಭದ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಎರಡನೆಯದರ ಸಾಮಗ್ರಿ ಮೇಲೇರಿದ ಬಳಿಕ ಅದನ್ನು ಕೇಳಲು ಅದರ ಕೈಯಲ್ಲಿ ಯಾವ ಹಿಡಿತವೂ ಇರುವುದಿಲ್ಲ.